ಹಾವೇರಿ ಮೊದಲೋ, ಬ್ಯಾಡಗಿ ಮೊದಲೋ?

ಹುಬ್ಬಳ್ಳಿಯಲ್ಲಿ ದಾವಣಗೆರೆ ಕಡೆಯ ರೈಲು ಹತ್ತಿದರೆ ಮೊದಲು ಹಾವೇರಿ, ಆಮೇಲೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಇದೇ ಮೂರು ಹೆಸರನ್ನು ಕಂಪ್ಯೂಟರಿಗೆ ಕೊಟ್ಟು ಅಕಾರಾದಿಯಾಗಿ ಜೋಡಿಸು ಎಂದರೆ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಎನ್ನುತ್ತದೆ. ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು. ಮೂರೂ ಸರಿಯೇ. ಆದರೆ ಇಳಿಯುವ ಊರಿಗಾಗಿ ಕಾಯುತ್ತಿರುವವರಿಗೆ ರೈಲಿನ ಕ್ರಮವೊಂದೇ ಉಪಯೋಗಕ್ಕೆ ಬರುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೂ ಹೀಗೇ. ಬಣ್ಣ ದಟ್ಟವಾದ ಡಬ್ಬಿ ತಳಿಗೆ ಸಾಮಾನ್ಯವಾಗಿ ದರ ಹೆಚ್ಚು, ಉದ್ದನೆಯ ಸುಕ್ಕು ಸುಕ್ಕಾದ ಕಡ್ಡಿ ಅದರ ನಂತರ, ಖಾರದ ಗುಂಟೂರು ಕೊನೆಗೆ. ಅಕಾರಾದಿಗೆ ಬಿಟ್ಟರೆ ಕಡ್ಡಿ, ಗುಂಟೂರು, ಡಬ್ಬಿ ಎಂದಾಗಿ, ಎಲ್ಲರೂ ಮೊದಲು ಕೇಳುವ ದರವೇ ಅಡಿಗೆ ಬೀಳುತ್ತದೆ.

ವಿಂಗಡಿಸುವಾಗ ಯಂತ್ರ ಮಾಡುವುದಿಷ್ಟು: ಎರಡೆರಡು ಹೆಸರನ್ನು ಎತ್ತಿಕೊಂಡು ಯಾವುದು ಮುಂದೆ ಎಂದು ಕೇಳುತ್ತದೆ, ಉತ್ತರ ಬಂದಂತೆ ಜಾಗ ಬದಲಿಸುತ್ತದೆ. ಉತ್ತರ ಹೇಳುವ ನಿಯಮ ನಮ್ಮ ಕೈಯಲ್ಲಿದೆ. ಡಬ್ಬಿಗೆ 1, ಕಡ್ಡಿಗೆ 2, ಗುಂಟೂರಿಗೆ 3 ಎಂದು ಅಂಕಿ ಕೊಟ್ಟು, ಹೆಸರು ಬಿಟ್ಟು ಅಂಕಿ ಹೋಲಿಸು ಎಂದರಾಯಿತು. ನಾಳೆ ಅಂಕಿಯೇ ಇಲ್ಲದ ಹೊಸ ತಳಿಯ ಚೀಲ ಬಂದರೆ? ಅಂಥವಕ್ಕೆಲ್ಲ 99 ಕೊಟ್ಟು ಕೊನೆಗೆ ಕೂರಿಸಿ, ಅವುಗಳೊಳಗೆ ಅಕಾರಾದಿ ಇಡಬೇಕು. ಇದನ್ನು ಮೊದಲೇ ಯೋಚಿಸದಿದ್ದರೆ ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಒಂದೇ ತಳಿಯ ಹತ್ತು ಲಾಟುಗಳಿದ್ದರೆ ಚಿಂತೆಯಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿಂಗಡಣೆ ಸಮಾನವಾದವನ್ನು ಬಂದ ಸರದಿಯಲ್ಲೇ ಉಳಿಸುತ್ತದೆ.

ಹಾಗೆಂದು ಎಲ್ಲದಕ್ಕೂ ಸ್ವಂತ ಕ್ರಮ ಹೂಡಬಾರದು. ನೂರಾರು ಹೆಸರಿನಲ್ಲಿ ಒಂದನ್ನು ಹುಡುಕಬೇಕಾದ ಕಡೆ ಅಕಾರಾದಿಯೇ ಮೇಲು, ಯಾರೂ ಅದನ್ನು ಹೊಸದಾಗಿ ಕಲಿಯಬೇಕಿಲ್ಲ.

ಆದರೆ ಕನ್ನಡದ ಅಕಾರಾದಿಯನ್ನೂ ಯಂತ್ರಕ್ಕೆ ಹೇಳಿಕೊಡಬೇಕು. ಬರೀ ವಿಂಗಡಿಸು ಎಂದರೆ ಅದು ಸಾಮಾನ್ಯವಾಗಿ ನೋಡುವುದು ಯುನಿಕೋಡ್ ಕೊಟ್ಟ ಸಂಖ್ಯೆಯನ್ನು: ಲ 3250, ಳ 3251, ಸ 3256, ಹ 3257. ಭಾರತದ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಕೂರಿಸುವಾಗ ಳಕಾರ ಲಕಾರದ ಪಕ್ಕಕ್ಕೆ ಬಂತು. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಹಳ್ಳಿ, ಹೊಳೆ, ಬೆಳೆ ಎಂದು ಹೆಜ್ಜೆಹೆಜ್ಜೆಗೂ ಳಕಾರ ಬರುವ ಭಾಷೆಗೆ ಇದು ಸಣ್ಣ ತಪ್ಪಲ್ಲ. ಕನ್ನಡದ ಕ್ರಮ ಅರಿತ ವಿಂಗಡಣೆಯ ಸವಲತ್ತು ಸಿದ್ಧವಾಗಿಯೇ ಸಿಗುತ್ತದೆ, ಬಳಸಬೇಕಷ್ಟೆ.

ಕನ್ನಡದಲ್ಲಿ ತಂತ್ರಾಂಶ ಬರೆಯುವವರು ಹಲಸು, ಹಳ್ಳ, ಹಸು ಎಂಬ ಮೂರು ಪದ ಕೊಟ್ಟು ಒಮ್ಮೆ ಪರೀಕ್ಷಿಸಿ. ಹಳ್ಳ ಕೊನೆಗೆ ಬರಬೇಕು.