ವಿದ್ಯಾರ್ಥಿಗಳ ಮನೋವ್ಯಥೆಯೂ ಡಿಜಿಟಲ್ ಸಾಧನಗಳೂ

1. ವಿಷಯಪ್ರವೇಶ

ಕಾಲೇಜುಗಳಲ್ಲಿ ಓದತಕ್ಕ ತರುಣ ತರುಣಿಯರ ಮನಸ್ಸಿನ ಕ್ಷೇಮಕ್ಕಾಗಿ ದೂರವಾಣಿ, ಮೊಬೈಲು, ಗಣಕಯಂತ್ರ ಮುಂತಾದ ಸಾಧನಗಳನ್ನು ಬಳಸುವ ಕ್ರಮವು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ನೆಲೆಗೊಳ್ಳುತ್ತಿದೆ. ಇದು ವೈದ್ಯರಿಗೂ ಯಂತ್ರಜ್ಞರಿಗೂ ಮಾತ್ರ ಸೇರಿದ ವಿಷಯವೆಂದೂ, ಭಾಷಾಸಾಹಿತ್ಯಗಳನ್ನು ಪಾಠಹೇಳುವವರಿಗೆ ಇದರಲ್ಲಿ ಕೆಲಸವಿಲ್ಲವೆಂದೂ ಮೊದಲ ನೋಟಕ್ಕೆ ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಈ ಸಾಧನಗಳೆಲ್ಲವೂ ಕಡೆಗೆ ಮಾತನ್ನೇ ಆಶ್ರಯಿಸಿರುವುವು. ನೊಂದವನು ಹೇಳಬೇಕು, ಇನ್ನೊಬ್ಬನು ಕೇಳಬೇಕು, ಹೇಳಿದುದು ಕೇಳಿದವನಿಗೆ ಅರ್ಥವಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಯಂತ್ರವು ವ್ಯರ್ಥ. ಆದುದರಿಂದ ಈ ಸಾಧನಗಳು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು, ಅವುಗಳ ನಡುವೆ ಅಧ್ಯಾಪಕನ ಸ್ಥಾನವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ದಕ್ಷಿಣಭಾಗವು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. ಜಯನಗರದ ನ್ಯಾಷನಲ್ ಕಾಲೇಜು, ವಿಜಯಾ ಕಾಲೇಜುಗಳು, ಬನಶಂಕರಿಯ ಕಡೆಯ ಪಿ.ಇ.ಎಸ್. ವಿಶ್ವವಿದ್ಯಾಲಯ ಮೊದಲಾದ ವಿದ್ಯಾಸ್ಥಾನಗಳು ಇಲ್ಲಿರುವುವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರನ್ನು ಸಂಕ್ಷೇಪಿಸಿ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯ ಪಿ.ಜಿ. ವಸತಿಗಳಲ್ಲಿ ಪರಜಿಲ್ಲೆ ಪರರಾಜ್ಯಗಳಿಂದ ಬಂದ ತರುಣರು ಮನೆಯವರನ್ನು ಬಿಟ್ಟು ನೆಲಸಿರುವರು. ಇವಕ್ಕೆಲ್ಲ ಸಮೀಪದಲ್ಲಿಯೇ, ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಎಂದು ಪ್ರಸಿದ್ಧವಾದ ಸಂಸ್ಥೆಯುಂಟು. ಮೈಸೂರು ಸಂಸ್ಥಾನದ ಹಳೆಯ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಈ ಸಂಸ್ಥೆಯಾಯಿತು. ಇಷ್ಟು ಸಮೀಪದಲ್ಲಿ ಇಂತಹ ಚಿಕಿತ್ಸಾಲಯವಿದ್ದರೂ, ನೊಂದ ವಿದ್ಯಾರ್ಥಿಯು ಅದರ ಬಾಗಿಲಿಗೆ ಹೋಗಲು ಅಂಜುವನು. ನಡೆದು ಹೋಗುವ ದಾರಿ ಚಿಕ್ಕದು; ನಾಚಿಕೆಯನ್ನು ದಾಟುವ ದಾರಿ ದೊಡ್ಡದು.

ವಿಷಯದ ಗುರುತ್ವವನ್ನು ಎರಡು ಅಂಕಿಗಳು ತಿಳಿಸುವುವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044 ಮಂದಿ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡ 10.6ರಷ್ಟು ಜನರು ಯಾವುದಾದರೊಂದು ಮನೋರೋಗವುಳ್ಳವರು; ಅವರಲ್ಲಿ ಬಹುಭಾಗಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ.

2. ಆಧಿ, ವ್ಯಾಧಿ

ನಮ್ಮ ಪ್ರಾಚೀನರು ಮನಸ್ಸಿನ ನೋವಿಗೆ ಪ್ರತ್ಯೇಕವಾದ ಹೆಸರನ್ನು ಇಟ್ಟಿದ್ದರು. ದೇಹದ ರೋಗವು ವ್ಯಾಧಿ. ಮನಸ್ಸಿನ ವ್ಯಥೆಯು ಆಧಿ. ಅಮರಕೋಶದಲ್ಲಿಯೂ ಆಧಿಶಬ್ದಕ್ಕೆ ಈ ಅರ್ಥವೇ ಹೇಳಲ್ಪಟ್ಟಿದೆ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯವೆಂದು ಮೂರು ಬಗೆಯಾಗಿ ವಿಭಾಗಿಸಿ, ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ತೆಗೆಯುವುದೇ ಮೂರನೆಯದೆಂದು ನಿರೂಪಿಸಿದೆ. ಮಾನಸದೋಷಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳು ಔಷಧವೆಂದೂ ಅಲ್ಲಿಯೇ ಹೇಳಿದೆ. ಇಂದಿನ ಮನೋವೈದ್ಯವೂ ಚರಕನ ಶಾಸ್ತ್ರವೂ ಒಂದೇ ಎಂದು ಸಾಧಿಸುವುದು ನಮ್ಮ ಅಭಿಪ್ರಾಯವಲ್ಲ. ಆಧಿಯುಳ್ಳವನು ದುರ್ಬಲನೂ ಅಲ್ಲ, ದೋಷಿಯೂ ಅಲ್ಲ, ಚಿಕಿತ್ಸೆಗೆ ಅರ್ಹನು ಎಂಬ ತಿಳಿವಳಿಕೆಯು ನಮಗೆ ಹೊಸದಲ್ಲವೆಂಬುದಿಷ್ಟೇ ಇಲ್ಲಿ ವಿವಕ್ಷಿತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ, ಪ್ರಾಣತ್ಯಾಗಕ್ಕೆ ಯತ್ನಿಸಿದವನು ತೀವ್ರವಾದ ಒತ್ತಡಕ್ಕೆ ಒಳಗಾಗಿದ್ದನೆಂದು ಭಾವಿಸಿ, ಅವನಿಗೆ ಆರೈಕೆ ದೊರಕಿಸತಕ್ಕದ್ದೆಂದು ವಿಧಿಸಿರುವುದು.

3. ಸಾಧನಗಳ ಮೂರು ಬಗೆ

ಈಗ ಬಳಕೆಯಲ್ಲಿರುವ ಸಾಧನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ದೂರದಲ್ಲಿರುವ ಮನುಷ್ಯನ ಕಿವಿಯನ್ನು ಹತ್ತಿರ ತರತಕ್ಕದ್ದು. ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿಯು 1953ರಲ್ಲಿ ನೊಂದವರ ಮಾತನ್ನು ದೂರವಾಣಿಯಲ್ಲಿ ಕೇಳುವ ಸಮರಿಟನ್ಸ್ ಎಂಬ ಸೇವೆಯನ್ನು ಆರಂಭಿಸಿದನು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಲ್ಲಿ, ಇದೇ ಜಾತಿಯ ಆದರೆ ಇನ್ನೂ ವಿಸ್ತಾರವಾದ ಟೆಲಿ ಮಾನಸ್ ಎಂಬ ಏರ್ಪಾಡನ್ನು ಪ್ರಾರಂಭಿಸಿತು. ಇದರ ಮುಖ್ಯ ಕೇಂದ್ರವು ನಿಮ್ಹಾನ್ಸ್. ತಾಂತ್ರಿಕ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಕ್ರಮವು ಹೀಗಿದೆ: 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆಮಾಡಬಹುದು, ಹಣ ತೆರಬೇಕಾಗಿಲ್ಲ. ಕರೆದವನು ಮೊದಲು ತನ್ನ ಭಾಷೆಯನ್ನು ಆರಿಸಿಕೊಳ್ಳುವನು; ಕನ್ನಡವೂ ಅವುಗಳಲ್ಲಿ ಒಂದು. ಬಳಿಕ ಶಿಕ್ಷಣ ಪಡೆದ ಆಪ್ತಸಲಹೆಗಾರನು ಮಾತನಾಡುವನು. ಅವನಿಂದ ಆಗದ ಪಕ್ಷದಲ್ಲಿ ಕರೆಯು ಮನೋವೈದ್ಯನೇ ಮೊದಲಾದ ತಜ್ಞನಿಗೆ ಒಪ್ಪಿಸಲ್ಪಡುವುದು. ಎದುರಿಗೆ ಕಂಡು ಚಿಕಿತ್ಸೆಮಾಡಬೇಕಾದವರನ್ನು ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೋ ವೈದ್ಯಕೀಯ ಕಾಲೇಜಿಗೋ ಕಳುಹಿಸುವರು. 2024ರ ಅಕ್ಟೋಬರಿನಲ್ಲಿ ಇದಕ್ಕೆ ಮೊಬೈಲಿನ ಆ್ಯಪ್ ಕೂಡ ಸೇರಿತು.

ಎರಡನೆಯದು ಪ್ರಶ್ನಾವಳಿ. ಪಿ.ಎಚ್.ಕ್ಯೂ.-9 ಎಂಬುದು 2001ರಲ್ಲಿ ಪ್ರಕಟವಾದ, ಬಹಳ ಪ್ರಚಾರದಲ್ಲಿರುವ ಒಂದು ಮಾದರಿ. ಹಿಂದಿನ ಎರಡು ವಾರಗಳ ನಿದ್ರೆ, ಹಸಿವು, ಆಯಾಸ, ಆಸಕ್ತಿ, ಏಕಾಗ್ರತೆ ಮುಂತಾದವುಗಳನ್ನು ಕುರಿತು ಒಂಬತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಮೊಬೈಲಿನಲ್ಲಿ ಇದನ್ನು ಕೆಲವು ನಿಮಿಷಗಳಲ್ಲಿ ತುಂಬಬಹುದು. ಆದರೆ ಇದು ರೋಗನಿರ್ಣಯವಲ್ಲ. ಮೈ ಬಿಸಿಯಾಗಿದೆಯೆಂದು ತಿಳಿಸುವ ಜ್ವರಮಾಪಕವು ಜ್ವರದ ಕಾರಣವನ್ನು ಹೇಗೆ ಹೇಳಲಾರದೋ ಹಾಗೆಯೇ ಇದೂ.

ಮೂರನೆಯದು, ತಾನೇ ಮಾತನಾಡುವ ಯಂತ್ರ. ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸನು ಎಲೈಜಾ ಎಂಬ ಗಣಕಕ್ರಮವೊಂದನ್ನು ರಚಿಸಿ 1966ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಅದು ಆಡಿದವನ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿದ್ದಿತು. ಅದಕ್ಕೆ ಅರ್ಥಜ್ಞಾನವಿಲ್ಲವೆಂದು ತಿಳಿದವರೂ ತಮ್ಮ ಅಂತರಂಗವನ್ನು ಅದಕ್ಕೆ ತೋಡಿಕೊಂಡುದನ್ನು ಕಂಡು ರಚಿಸಿದವನೇ ಬೆರಗಾದನು. ಅನಂತರ ಇಂತಹ ಯಂತ್ರಗಳ ಮಿತಿಯನ್ನು ಎಚ್ಚರಿಸಿ 1976ರಲ್ಲಿ ಒಂದು ಗ್ರಂಥವನ್ನೂ ಬರೆದನು. ಈಗಿನ ಯಂತ್ರಗಳು ಅದಕ್ಕಿಂತ ಎಷ್ಟೋ ಸಮರ್ಥವಾದುವು. ವೈಸಾ ಎಂಬುದು ಬೆಂಗಳೂರಿನಲ್ಲಿಯೇ ಬೆಳೆದುದು. ನಡುರಾತ್ರಿಯಲ್ಲಿ ಯಾರನ್ನೂ ಎಬ್ಬಿಸಲೊಲ್ಲದ ವಿದ್ಯಾರ್ಥಿಗೆ ಇವುಗಳಿಂದ ಸ್ವಲ್ಪ ಉಪಶಮನವು ದೊರೆಯಬಹುದು. ಆದರೆ ಪ್ರಾಣಭಯವಿರುವ ಸಂದರ್ಭದಲ್ಲಿ ಯಂತ್ರವು ಬಂದು ಬಾಗಿಲು ತಟ್ಟಲಾರದು, ಪಕ್ಕದಲ್ಲಿ ಕುಳಿತುಕೊಳ್ಳಲಾರದು.

4. ಪೂರ್ವಪಕ್ಷ, ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು. ತರುಣರ ನಿದ್ರೆಯನ್ನು ಕೆಡಿಸುವುದೂ ಮೊಬೈಲು, ಪರರೊಡನೆ ತನ್ನನ್ನು ಹೋಲಿಸಿಕೊಂಡು ಕೊರಗುವಂತೆ ಮಾಡುವುದೂ ಮೊಬೈಲು; ರೋಗಕಾರಣವಾದುದೇ ಔಷಧವಾಗುವುದು ಹೇಗೆ? ಆಕ್ಷೇಪವು ನಿರಾಧಾರವಲ್ಲ. ತಂತ್ರಸಾಧನಗಳ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿಯೇ ನಿಮ್ಹಾನ್ಸ್ 2014ರಲ್ಲಿ ಷಟ್ ಕ್ಲಿನಿಕ್ ಎಂಬ ಚಿಕಿತ್ಸಾಸೇವೆಯನ್ನು ಆರಂಭಿಸಿತು. ಸಮಾಧಾನವೇನೆಂದರೆ: ವಸ್ತುವು ಒಂದೇ ಆದರೂ ವಿನಿಯೋಗವು ಬೇರೆ. ಮನುಷ್ಯನನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುವ ಸಾಧನವು ಕೆಡಿಸುವುದು. ತನ್ನನ್ನು ಬಿಟ್ಟು ಇನ್ನೊಬ್ಬ ಮನುಷ್ಯನ ಕಡೆಗೆ ಕಳುಹಿಸುವ ಸಾಧನವು ಉಪಕರಿಸುವುದು. ಶಾಖಾಚಂದ್ರನ್ಯಾಯವು ಇಲ್ಲಿ ಒಪ್ಪುವುದು. ಚಂದ್ರನನ್ನು ತೋರಿಸುವುದಕ್ಕಾಗಿ ಕೊಂಬೆಯನ್ನು ತೋರಿಸುವೆವು. ಕೊಂಬೆಯಲ್ಲಿಯೇ ದೃಷ್ಟಿಯು ನಿಂತರೆ ಚಂದ್ರನು ಕಾಣನು. ಯಾವ ಸಾಧನವನ್ನು ಕಾಲೇಜಿಗೆ ತರಬೇಕು, ಯಾವುದನ್ನು ತರಬಾರದು ಎಂದು ನಿಶ್ಚಯಿಸಲು ಇದಕ್ಕಿಂತ ಸುಲಭವಾದ ಒರೆಗಲ್ಲು ನಮಗೆ ತೋರದು.

5. ಭಾಷೆಯ ಪ್ರಶ್ನೆ

ಇಂಗ್ಲಿಷಿನವರು ಮನಸ್ಸು ಕೆಳಕ್ಕೆ ಇಳಿದಿದೆ ಎನ್ನುವರು. ಕನ್ನಡಿಗರ ಮನಸ್ಸು ಕುಗ್ಗುವುದು, ಮುದುಡುವುದು, ಕದಡುವುದು, ಭಾರವಾಗುವುದು. ಉತ್ತರ ಕರ್ನಾಟಕದ ಹುಡುಗನು ‘ಬ್ಯಾಸರ’ ಎಂದಾನು; ಕರಾವಳಿಯ ಹುಡುಗಿಯು ‘ತಲೆಬಿಸಿ’ ಎಂದಾಳು; ಬೆಂಗಳೂರಿನವರು ‘ಟೆನ್ಷನ್’ ಎಂದಾರು. ‘ಬೇಜಾರು’ ಎಂಬ ಒಂದೇ ಮಾತು ದುಃಖವನ್ನೂ, ಬೇಸರವನ್ನೂ, ಸಿಟ್ಟನ್ನೂ ಹೇಳುವುದು. ‘ಹೊಟ್ಟೆಯಲ್ಲಿ ಸಂಕಟ’ ಎಂದವನಿಗೆ ಅಜೀರ್ಣವೂ ಇರಬಹುದು, ಪುತ್ರಶೋಕವೂ ಇರಬಹುದು. ಇಂಗ್ಲಿಷಿನ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಉತ್ತರವು ತಪ್ಪಾಗುವುದಕ್ಕೆ ಇದೇ ಕಾರಣ. ‘ಖಿನ್ನತೆ’ ಎಂಬ ಪಾರಿಭಾಷಿಕ ಶಬ್ದವನ್ನು ಕೇಳಿ ಅಲ್ಲವೆಂದು ತಲೆಯಾಡಿಸಿದ ವಿದ್ಯಾರ್ಥಿಯೇ ‘ಏನೂ ಬೇಡವೆನಿಸುತ್ತದೆಯೇ’ ಎಂದು ಕೇಳಿದರೆ ಮೌನವಾಗಿ ತಲೆಬಾಗಿಸಬಹುದು.

ಇಲ್ಲಿಯೇ ಸಾಹಿತ್ಯದ ಅಧ್ಯಾಪಕನ ಕೆಲಸವಿರುವುದು. ಅಳಲು, ಬೇಗುದಿ, ತಳಮಳ, ಕಳವಳಗಳಿಗೆ ಇರುವ ಅಂತರವನ್ನು ಅವನು ಬಲ್ಲನು. ಪ್ರಶ್ನಾವಳಿಗಳನ್ನೂ ಯಂತ್ರಗಳ ಮಾತನ್ನೂ ಕನ್ನಡಕ್ಕೆ ತರುವಾಗ ವೈದ್ಯರೊಡನೆ ಭಾಷಾವಿದ್ವಾಂಸರೂ ಕುಳಿತುಕೊಳ್ಳಬೇಕು. ಅಲ್ಲದೆ ತರಗತಿಯಲ್ಲಿ ಕರುಣರಸದ ಭಾಗವನ್ನು ಪಾಠಹೇಳುವಾಗ ದುಃಖವನ್ನು ಹೆಸರಿಟ್ಟು ಹೇಳಬಹುದೆಂಬ ಧೈರ್ಯವು ವಿದ್ಯಾರ್ಥಿಗೆ ಅನಾಯಾಸವಾಗಿ ಬರುವುದು. ಪ್ರಬಂಧದ ಬರೆವಣಿಗೆಯಲ್ಲಿ ಒಮ್ಮೆಗೇ ಕಾಣುವ ನಿರಾಶೆ, ಹಿಂದೆ ಉತ್ಸಾಹಿಯಾಗಿದ್ದವನ ಗೈರುಹಾಜರಿ, ಇವನ್ನು ಮೊದಲು ಗುರುತಿಸತಕ್ಕವನೂ ಅವನೇ.

6. ಗೋಪ್ಯ, ಕರ್ತವ್ಯ

ಹೇಳಿದ ಮಾತು ಹೊರಬೀಳುವುದೆಂಬ ಭಯವಿದ್ದಲ್ಲಿ ಯಾರೂ ಬಾಯಿಬಿಡರು. 2017ರ ಕಾಯಿದೆಯು ಗೋಪ್ಯವನ್ನು ರೋಗಿಯ ಹಕ್ಕೆಂದು ಸ್ವೀಕರಿಸಿದೆ. ಆದುದರಿಂದ ಪ್ರಶ್ನಾವಳಿಯ ಅಂಕಗಳು ಅಂಕಪಟ್ಟಿಯಂತೆ ಕಾಲೇಜಿನ ಕಡತವನ್ನು ಸೇರಬಾರದು. ಆ ಉತ್ತರಗಳನ್ನು ಯಾರು ನೋಡುವರು, ಎಷ್ಟು ಕಾಲ ಇಟ್ಟುಕೊಳ್ಳುವರು ಎಂಬುದನ್ನು ಮೊದಲೇ ವಿದ್ಯಾರ್ಥಿಗೆ ಕನ್ನಡದಲ್ಲಿ ತಿಳಿಸತಕ್ಕದ್ದು. ಪ್ರಾಣಾಪಾಯವಿದ್ದಾಗ ಮಾತ್ರ, ರಕ್ಷಣೆಗೆ ಅವಶ್ಯವಾದಷ್ಟನ್ನು, ಅವಶ್ಯವಾದವರಿಗೆ ಹೇಳಬಹುದು.

ಸುಪ್ರೀಂ ಕೋರ್ಟು 2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಅರ್ಹನಾದ ಒಬ್ಬ ಸಲಹೆಗಾರನನ್ನಾದರೂ ನೇಮಿಸತಕ್ಕದ್ದೆಂದೂ, ಟೆಲಿ ಮಾನಸ್ ಮುಂತಾದ ಸಹಾಯವಾಣಿಗಳ ಸಂಖ್ಯೆಯನ್ನು ತರಗತಿ, ವಿದ್ಯಾರ್ಥಿನಿಲಯಗಳಲ್ಲಿ ದೊಡ್ಡ ಅಕ್ಷರಗಳಿಂದ ಪ್ರದರ್ಶಿಸತಕ್ಕದ್ದೆಂದೂ ನಿರ್ದೇಶಿಸಿತು. ಸಂಖ್ಯೆಯನ್ನು ಗೋಡೆಗೆ ಹಚ್ಚುವುದು ಸುಲಭ. ಆದರೆ ಗೋಡೆಯ ಸಂಖ್ಯೆಗೂ ನೊಂದವನ ಕೈಗೂ ನಡುವೆ ಬಲು ದೂರವುಂಟು. ಅಧ್ಯಾಪಕನು ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಕರೆದು, ‘ಏಕಪ್ಪಾ, ಏಕಮ್ಮಾ, ಹೀಗಿದ್ದೀರಿ?’ ಎಂದು ವಿಚಾರಿಸಿ, ಉಪದೇಶಕ್ಕೆ ತೊಡಗದೆ ಕೇಳಿ, ಅವಶ್ಯವಾದರೆ ಪಕ್ಕದಲ್ಲಿಯೇ ಕುಳಿತು ಆ ಕರೆಯನ್ನು ಮಾಡಿಸಿದರೆ ಆ ದೂರವು ಕಳೆಯುವುದು. ಚಿಕಿತ್ಸೆಯು ಅವನ ಕೆಲಸವಲ್ಲ. ಚಿಕಿತ್ಸಕನವರೆಗೆ ಜೊತೆಗೆ ನಡೆಯುವುದು ಅವನ ಕೆಲಸ.

ಸಾರಾಂಶವಿದು: ಡಿಜಿಟಲ್ ಸಾಧನವು ಮೊದಲ ಮಾತಿನ ನಾಚಿಕೆಯನ್ನು ಕಳೆಯಬಲ್ಲದು, ಆ ಮಾತು ನೊಂದವನ ಸ್ವಂತ ಭಾಷೆಯಲ್ಲಿರಬೇಕು, ಮತ್ತು ಅದು ಕಡೆಗೆ ಮನುಷ್ಯನ ಕಿವಿಯನ್ನು ಮುಟ್ಟಬೇಕು. ಕನ್ನಡದ ಅಧ್ಯಾಪಕರೂ ವಿದ್ವಾಂಸರೂ ಈ ಕಾರ್ಯದಲ್ಲಿ ವೈದ್ಯರಿಗೆ ಕೈಗೂಡಿಸುವರಾಗಿ ಹಾರೈಸುತ್ತೇವೆ.