ಸಿಗಡಿಗಿರುವ ತಪಾಸಣೆ ಮಾತ್ರೆ ಡಬ್ಬಿಗಿಲ್ಲ

ವಿಶಾಖಪಟ್ಟಣ: ಇಲ್ಲಿನ ಬಂದರಿನಿಂದ ಹಡಗು ಹತ್ತುವ ಸಿಗಡಿಯಲ್ಲಿ ನಿಷೇಧಿತ ಆಂಟಿಬಯೋಟಿಕ್ ಅಂಶ ಸಿಕ್ಕರೆ ಯೂರೋಪ್ ಸರಕನ್ನೇ ತಿರಸ್ಕರಿಸುತ್ತದೆ. 2016ರಲ್ಲಂತೂ ಭಾರತದ ಸಾಕಣೆ ಸಿಗಡಿಯ ತಪಾಸಣೆಯನ್ನು ಶೇ. 10ರಿಂದ 50ಕ್ಕೆ ಏರಿಸಿತು.

ಮನೆಗಳಲ್ಲಿ ಈ ಬಿಗಿ ಎಲ್ಲಿದೆ? ಕಳೆದ ಸಲ ಉಳಿದ ಮಾತ್ರೆಯನ್ನು ಈ ಸಲದ ನೆಗಡಿಗೆ ನುಂಗುವವರು, ಊರಿಂದ ಬರುವಾಗ ಉಪ್ಪಿನಕಾಯಿಯ ಜೊತೆ ಅದನ್ನೂ ಕಟ್ಟಿಕೊಂಡು ಬರುವವರು ನಮ್ಮಲ್ಲೂ ಇದ್ದಾರೆ. ನೆಗಡಿ ವೈರಸ್ಸಿನಿಂದ ಬರುವಂಥದ್ದು. ಆಂಟಿಬಯೋಟಿಕ್ ಅದಕ್ಕೆ ನಾಟದು. ಆದರೆ ಮೈಯೊಳಗಿನ ಬ್ಯಾಕ್ಟೀರಿಯಾ ಆ ಔಷಧಿಗೆ ಒಗ್ಗಿಕೊಳ್ಳುತ್ತವೆ. ಮುಂದೆ ನ್ಯುಮೋನಿಯಾವೋ ಮೂತ್ರದ ಸೋಂಕೋ ಬಂದಾಗ ಅದೇ ಮಾತ್ರೆ ಕೈಕೊಡುತ್ತದೆ. ಹೀಗೆ ಔಷಧಿಗೆ ಬಗ್ಗದ ಸೋಂಕಿನಿಂದ 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಮಂದಿ ಸತ್ತರೆಂದು ತಜ್ಞರ ಅಂದಾಜು.

ಮಾತ್ರೆ ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಡಾಕ್ಟರ ಚೀಟಿಯಿಲ್ಲದೆ ಕೊಳ್ಳುವಂತಿಲ್ಲ.