ದೆಬೋರಳ ಕೈಗೆ ಕತ್ತಿ ಕೊಟ್ಟವರು ಯಾರು?

ನಮ್ಮ ಸಭೆಗಳಲ್ಲಿ ದೆಬೋರಳ ಹೆಸರು ಜೋರಾಗಿ ಕೇಳಿಬರುವುದು ಬಹುತೇಕ ವರ್ಷಕ್ಕೊಮ್ಮೆ, ಮಹಿಳಾ ಭಾನುವಾರದ ಆರಾಧನೆಯಲ್ಲಿ. ಪ್ರಸಂಗ ಆಗುತ್ತದೆ. ಮಕ್ಕಳು ರಟ್ಟಿನ ಕತ್ತಿ ಹಿಡಿದು ನಾಟಕ ಆಡುತ್ತಾರೆ. ಬಾರಾಕನ ಪಾತ್ರದ ಹುಡುಗ ಗಡಗಡ ನಡುಗಿ ಎಲ್ಲರನ್ನೂ ನಗಿಸುತ್ತಾನೆ. ಆಮೇಲೆ ಮತ್ತೊಂದು ವರ್ಷ ಆಕೆಯ ಸುದ್ದಿಯಿಲ್ಲ. ನ್ಯಾಯಸ್ಥಾಪಕರು ಪುಸ್ತಕದಲ್ಲಿ ಆಕೆಗೆ ಸಿಕ್ಕಿರುವುದು ಎರಡೇ ಅಧ್ಯಾಯ. ನಾಲ್ಕನೆಯದು ಕಥೆ, ಐದನೆಯದು ಅದೇ ಘಟನೆಯ ಹಾಡು. ಎರಡೂ ಸೇರಿ 55 ವಚನ. ಒಂದೇ ಕೂತಲ್ಲಿ ಓದಿ ಮುಗಿಸಬಹುದು. ಆದರೆ ನಾವು ಓದಿದ್ದಕ್ಕಿಂತ ಕೇಳಿದ್ದು ಹೆಚ್ಚು. ಹಾಗಾಗಿ ಆಕೆಯ ಬಗ್ಗೆ ಕೆಲವು ಮಾತುಗಳು ಬಾಯಿಂದ ಬಾಯಿಗೆ ದಾಟಿ ಗಟ್ಟಿಯಾಗಿಬಿಟ್ಟಿವೆ. ಕೆಲವು ಆಕೆಯನ್ನು ಕೆಳಗಿಳಿಸುತ್ತವೆ, ಕೆಲವು ಅಟ್ಟಕ್ಕೇರಿಸುತ್ತವೆ. ಹೇಗಾದರೂ ಆಕೆ ನಮ್ಮ ದಿನನಿತ್ಯದ ಬದುಕಿಗೆ ಸಂಬಂಧವಿಲ್ಲದವಳಾಗಿ ಉಳಿಯುತ್ತಾಳೆ.

“ಗಂಡಸರು ಯಾರೂ ಮುಂದೆ ಬರಲಿಲ್ಲ, ಅದಕ್ಕೇ ದೇವರು ಹೆಂಗಸನ್ನು ಎಬ್ಬಿಸಿದ”

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಹೊಗಳಿಕೆಯ ಧಾಟಿಯಲ್ಲೇ ಹೇಳುತ್ತಾರೆ, ಆದರೆ ಒಳಗೆ ಇರುವುದು ಬೇರೆ: ಆಕೆ ಒಬ್ಬ ಬದಲಿ ಆಟಗಾರ್ತಿ, ನಿಜವಾದ ಆಟಗಾರ ಬಂದಿದ್ದರೆ ಆಕೆ ಬೇಕಿರಲಿಲ್ಲ. ಈ ಮಾತಿಗೆ 55 ವಚನಗಳಲ್ಲಿ ಎಲ್ಲೂ ಆಧಾರ ಸಿಗುವುದಿಲ್ಲ.

ಪುಸ್ತಕ ಆಕೆಯನ್ನು ಪರಿಚಯಿಸುವ ರೀತಿಯನ್ನೇ ನೋಡಿ. ಹಾಚೋರಿನ ಅರಸ ಯಾಬೀನ, ಅವನ ಸೇನಾಪತಿ ಸೀಸೆರ, ಅವರ 900 ಕಬ್ಬಿಣದ ರಥ, 20 ವರ್ಷದ ದಬ್ಬಾಳಿಕೆ ಎಲ್ಲವನ್ನೂ ಹೇಳಿದ ಮೇಲೆ, ಆ ಕಾಲದಲ್ಲಿ ಪ್ರವಾದಿನಿ ದೆಬೋರಳು ಇಸ್ರಾಯೇಲ್ಯರಿಗೆ ನ್ಯಾಯ ತೀರಿಸುತ್ತಿದ್ದಳು ಎನ್ನುತ್ತದೆ. ಹೊಸದಾಗಿ ಎಬ್ಬಿಸಿದ್ದಲ್ಲ, ಮೊದಲೇ ಆ ಕೆಲಸದಲ್ಲಿದ್ದವಳು. ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿ, ರಾಮಾಕ್ಕೂ ಬೇತೇಲಿಗೂ ನಡುವೆ ಒಂದು ಖರ್ಜೂರದ ಮರ. ಅದಕ್ಕೆ ಆಕೆಯ ಹೆಸರೇ ಬಿದ್ದಿತ್ತು. ಅದರಡಿ ಕೂತು ಜನರ ವ್ಯಾಜ್ಯ ಕೇಳುತ್ತಿದ್ದಳು. ಮರಕ್ಕೆ ಹೆಸರು ಬೀಳಬೇಕಾದರೆ ಎಷ್ಟು ಕಾಲ ಜನ ಅಲ್ಲಿಗೆ ನಡೆದು ಬಂದಿರಬೇಕು!

ಇಡೀ ನ್ಯಾಯಸ್ಥಾಪಕರು ಪುಸ್ತಕದಲ್ಲಿ, ತೀರ್ಪು ಕೇಳಲು ಜನ ಬರುತ್ತಿದ್ದರೆಂದು ಬಿಡಿಸಿ ಹೇಳಿರುವುದು ಈಕೆಯೊಬ್ಬಳ ಬಗ್ಗೆ. ಏಹೂದನ ಕಠಾರಿ, ಗಿದ್ಯೋನನ ಸೈನ್ಯ, ಸಂಸೋನನ ತೋಳ್ಬಲ ನಮಗೆ ಗೊತ್ತು. ಅವರು ಕೂತು ಯಾರ ಜಗಳ ಬಗೆಹರಿಸಿದರು ಎಂಬುದು ಗೊತ್ತಿಲ್ಲ. ಆ ಸಾಲಿನಲ್ಲಿ ಪ್ರವಾದಿಯೂ ನ್ಯಾಯಸ್ಥಾಪಕಳೂ ಎರಡೂ ಆಗಿದ್ದವಳು ಈಕೆ ಒಬ್ಬಳೇ.

ಗಂಡಸರು ಇಲ್ಲದೆ ಏನಿರಲಿಲ್ಲ. ಗಂಡ ಲಪ್ಪೀದೋತನಿದ್ದ. ಬಾರಾಕನಿದ್ದ. ಸೀಸೆರನ ಮೇಲೆ ಯುದ್ಧಕ್ಕೆ ಹೋಗಲು ಅವನನ್ನು ಹೇಳಿ ಕಳುಹಿಸಿ ಕರೆಸಿದವಳೇ ಈಕೆ. ಇನ್ನೂ ಅನುಮಾನವಿದ್ದವರು ಎರಡನೆಯ ಅರಸುಗಳು 22ನೇ ಅಧ್ಯಾಯ ತೆಗೆಯಲಿ. ಯೋಷೀಯ ಅರಸನ 18ನೇ ವರ್ಷದಲ್ಲಿ ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ. ಅದರ ವಿಷಯವಾಗಿ ದೇವರ ಮಾತು ತಿಳಿಯಲು ಅರಸ ಕಳುಹಿಸಿದ ತಂಡದಲ್ಲಿ ಮಹಾಯಾಜಕ ಹಿಲ್ಕೀಯನೇ ಇದ್ದ. ಅವರು ಹೋದದ್ದು ಹುಲ್ದಳೆಂಬ ಪ್ರವಾದಿನಿಯ ಮನೆಗೆ. ಆ ಹೊತ್ತಿಗೆ ಯೆರೆಮೀಯ ಪ್ರವಾದಿಸಲು ತೊಡಗಿ ಐದು ವರ್ಷವಾಗಿತ್ತು. “ಗಂಡಸರ ಕೊರತೆ” ಎಂಬ ಲೆಕ್ಕ ಅಲ್ಲೂ ಹೊಂದುವುದಿಲ್ಲ.

ಕೆಲವರು ಹೆಂಗಸರ ಆಳ್ವಿಕೆಯನ್ನು ದೂರುವ ಯೆಶಾಯನ ಒಂದು ವಚನವನ್ನು ತಂದು ಇಲ್ಲಿಗೆ ಅಂಟಿಸುತ್ತಾರೆ. ಅದು ದೆಬೋರಳ ಕಾಲಕ್ಕೆ ಎಷ್ಟೋ ತಲೆಮಾರು ನಂತರದ ಯೆರೂಸಲೇಮಿನ ದುರಾಡಳಿತವನ್ನು ಕುರಿತದ್ದು. ದೆಬೋರಳ ಕಥೆ ಬರೆದವನಿಗೆ ಆಕೆಯ ನ್ಯಾಯಪೀಠ ದಂಡನೆಯಾಗಿ ಕಂಡಿದ್ದರೆ ಹೇಳಲು ಜಾಗ ಬೇಕಾದಷ್ಟಿತ್ತು. ಜನರ ಪಾಪದ ಬಗ್ಗೆ ಆತ ಮುಚ್ಚುಮರೆ ಮಾಡಿದವನಲ್ಲ.

ಸ್ತ್ರೀಯರಿಗೆ ದೀಕ್ಷೆ ಕೊಡಬೇಕೇ ಬೇಡವೇ ಎಂಬುದರಲ್ಲಿ ಸಭೆಗಳ ನಡುವೆ ಭಿನ್ನಾಭಿಪ್ರಾಯವಿದೆ. ಕರ್ನಾಟಕದಲ್ಲೂ ಸಭಾಪ್ರಾಂತಗಳಿರುವ ಸಿಎಸ್‌ಐ 2013ರಲ್ಲಿ ನಂದ್ಯಾಲಕ್ಕೆ ಪುಷ್ಪ ಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ ಆಗಿ ನೇಮಿಸಿತು. ಬೇರೆ ಸಭೆಗಳು ಪೌಲನ ಪತ್ರಗಳನ್ನು ಮುಂದಿಟ್ಟು ಒಪ್ಪುವುದಿಲ್ಲ. ಆ ಚರ್ಚೆಯನ್ನು ಪೌಲನ ಪತ್ರಗಳ ಮೇಲೇ ಮಾಡೋಣ. ಅದಕ್ಕಾಗಿ ದೆಬೋರಳ ಕಥೆಗೆ ಇಲ್ಲದ ಪೀಠಿಕೆ ಸೇರಿಸುವುದು ವೇದಪಠಣವಲ್ಲ.

“ಆಕೆ ರಣರಂಗದಲ್ಲಿ ಕತ್ತಿ ಬೀಸಿದ ವೀರಮಹಿಳೆ”

ಕಿತ್ತೂರು ಚೆನ್ನಮ್ಮನ ಕುದುರೆ ಸವಾರಿಯ ಪ್ರತಿಮೆ ನೋಡಿ ಬೆಳೆದ ನಮಗೆ ಈ ಚಿತ್ರ ಸಲೀಸಾಗಿ ಕಣ್ಮುಂದೆ ಬರುತ್ತದೆ. ಆದರೆ ಆಕೆ ಆಯುಧ ಹಿಡಿದಳೆಂದು ಎಲ್ಲೂ ಬರೆದಿಲ್ಲ. ಬಾರಾಕನ ಜೊತೆ ಕೆದೆಷಿಗೆ ಹೋದಳು, 10,000 ಜನರೊಂದಿಗೆ ತಾಬೋರ್ ಬೆಟ್ಟಕ್ಕೆ ಬಂದಳು, ಇಳಿಯುವ ಸಮಯ ಇದೇ ಎಂದು ಹೇಳಿದಳು. ಇಳಿದು ಹೋರಾಡಿದವನು ಬಾರಾಕ.

ಗಲಿಲಾಯದ ಹುಕೋಕ್ ಎಂಬಲ್ಲಿ ಐದನೇ ಶತಮಾನದ ಸಿನಗಾಗ್ ಒಂದರ ನೆಲದಲ್ಲಿ ಕಲ್ಲುಚೂರಿನ ಚಿತ್ರಗಳು ಸಿಕ್ಕಿವೆ. ಅಲ್ಲಿ ಅಗೆದ ತಂಡ 2022ರಲ್ಲಿ ಈ ಕಥೆಯ ಭಾಗವನ್ನು ಪ್ರಕಟಿಸಿತು. ದೆಬೋರಳ ಚಿತ್ರಗಳಲ್ಲಿ ಇಷ್ಟು ಹಳೆಯದು ಬೇರೆಲ್ಲೂ ಸಿಕ್ಕಿಲ್ಲ. ಅದರಲ್ಲಿ ಗುರಾಣಿ ಇರುವುದು ಬಾರಾಕನ ಬಳಿ. ದೆಬೋರಳು ಖರ್ಜೂರದ ಮರದ ಕೆಳಗಿದ್ದು ಅವನನ್ನು ನೋಡುತ್ತಿದ್ದಾಳೆ. ಸುಮಾರು 1,600 ವರ್ಷದ ಹಿಂದಿನ ಆ ಕಲಾವಿದನಿಗೆ ಆಕೆಯ ಗುರುತು ಮರ. ಕತ್ತಿ ಕೊಟ್ಟವರು ನಂತರದ ನಾವು.

ಇದರಿಂದ ಏನು ವ್ಯತ್ಯಾಸ ಎಂದು ಕೇಳಬಹುದು. ಕತ್ತಿಯ ದೆಬೋರಳನ್ನು ಮೆಚ್ಚಬಹುದಷ್ಟೇ. ಜನರ ತಂಟೆ ತಕರಾರನ್ನು ತಾಳ್ಮೆಯಿಂದ ಕೇಳಿ, ಪಕ್ಷಪಾತವಿಲ್ಲದೆ ತೀರ್ಪು ಹೇಳಿ, ಸರಿಯಾದ ಮನುಷ್ಯನನ್ನು ಹುಡುಕಿ ಕೆಲಸ ಒಪ್ಪಿಸಿದ ದೆಬೋರಳಂತೆ ನಡೆಯಲು ಯಾವ ವಿಶ್ವಾಸಿಯೂ ಪ್ರಯತ್ನಿಸಬಹುದು.

“ಬಾರಾಕ ಹೇಡಿ”

ನೀನು ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದದ್ದೇ ಅವನ ಅಪರಾಧ. ಅವನ ಜಾಗದಲ್ಲಿ ನಿಂತು ನೋಡಿ. ಎದುರಿಗೆ 900 ರಥ. ತನ್ನ ಕಡೆಯವರ ಸ್ಥಿತಿಯೋ, ಹಾಡು ಹೇಳುವಂತೆ 40,000 ಜನರಲ್ಲಿ ಒಂದು ಗುರಾಣಿ, ಒಂದು ಬರ್ಜಿ ಕಾಣುತ್ತಿರಲಿಲ್ಲ. ದೇವರ ಮಾತು ಯಾರ ಬಾಯಿಂದ ಬಂತೋ ಆ ಪ್ರವಾದಿನಿ ಜೊತೆಗಿರಲಿ ಎಂದು ಅವನು ಕೇಳಿದ. ಅದರಲ್ಲಿ ಅಳುಕಿತ್ತು, ಅದಕ್ಕೆ ಅವನು ಬೆಲೆಯನ್ನೂ ತೆತ್ತ. ಗೆಲುವಿನ ಕೀರ್ತಿ ನಿನಗಲ್ಲ, ಒಬ್ಬ ಹೆಂಗಸಿಗೆ ಎಂದು ದೆಬೋರಳು ಮುಖಕ್ಕೇ ಹೇಳಿದಳು. ಆದರೂ ಹೊರಟ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿ ನಂಬಿಕೆಯ ವೀರರ ಪಟ್ಟಿಯಿದೆಯಲ್ಲ, ಅದರಲ್ಲಿ ಬಾರಾಕನ ಹೆಸರಿದೆ. ದೆಬೋರಳ ಹೆಸರೇ ಇಲ್ಲ! ಹೆಂಗಸನ್ನು ಎತ್ತಿ ಹಿಡಿಯಲು ಪಕ್ಕದ ಗಂಡಸನ್ನು ನಗೆಪಾಟಲು ಮಾಡಲೇಬೇಕು ಎಂಬ ಅಭ್ಯಾಸ ನಮ್ಮ ನಾಟಕಗಳದ್ದು. ಆಕೆ ಅವನನ್ನು ಬಯ್ಯಲಿಲ್ಲ, ಬದಲಾಯಿಸಲಿಲ್ಲ. ಬರುತ್ತೇನೆ ಎಂದಳು, ಎದ್ದು ಹೊರಟಳು.

ಅಂದಹಾಗೆ, ಆ ಕೀರ್ತಿಯ ಹೆಂಗಸು ತಾನೇ ಎಂಬ ಅರ್ಥದಲ್ಲಿ ದೆಬೋರಳು ಹೇಳಿದಳು ಎಂದು ಹಲವರು ತಿಳಿದಿದ್ದಾರೆ. ಅಧ್ಯಾಯವನ್ನು ಕೊನೆಯವರೆಗೆ ಓದಿದರೆ ಅದು ಸೀಸೆರನನ್ನು ಕೊಂದ ಯಾಯೇಲಳು ಎಂದು ತಿಳಿಯುತ್ತದೆ.

“ರೆಬೆಕ್ಕಳ ದಾದಿ ದೆಬೋರಳೂ ಈಕೆಯೂ ಒಬ್ಬಳೇ”

ಅಲ್ಲ. ದಾದಿ ಆದಿಕಾಂಡ 35ರಲ್ಲಿ, ಯಾಕೋಬನ ಕಾಲದಲ್ಲೇ ತೀರಿಕೊಂಡು ಬೇತೇಲಿನ ಬಳಿ ಒಂದು ಮರದ ಕೆಳಗೆ ಸಮಾಧಿಯಾದಳು. ಹೆಸರೂ ಊರೂ ಮರವೂ ಕೂಡಿಬಂದದ್ದರಿಂದ ಈ ಗೊಂದಲ. ಯಾಬೀನನ ಹೆಸರೂ ಹಾಗೆಯೇ, ಯೆಹೋಶುವನ ಪುಸ್ತಕದಲ್ಲೂ ಅದೇ ಹಾಚೋರಿನ ಅರಸನ ಹೆಸರಾಗಿ ಬರುತ್ತದೆ.

“ಕಡಿಮೆ ಜನ, ಹೆಚ್ಚು ಧೈರ್ಯ: ಅದರಿಂದಲೇ ಗೆದ್ದರು”

ಇಲ್ಲಿ ಕಥೆಯ ಜೊತೆ ಹಾಡನ್ನೂ ಇಟ್ಟುಕೊಂಡು ಓದಬೇಕು. ಕಥೆಯಲ್ಲಿ ಯೆಹೋವನು ಸೀಸೆರನ ಸೈನ್ಯವನ್ನು ಗಲಿಬಿಲಿ ಮಾಡಿದ, ಸೀಸೆರ ರಥದಿಂದ ಇಳಿದು ಕಾಲ್ನಡೆಯಲ್ಲಿ ಓಡಿದ ಎಂದಿದೆ. ರಥವಿರುವವನು ಇಳಿದು ಓಡುವುದೇಕೆ? ಉತ್ತರ ಹಾಡಿನಲ್ಲಿದೆ. ಆಕಾಶ ಸುರಿಯಿತು, ಕೀಷೋನ್ ಹಳ್ಳ ಶತ್ರುಗಳನ್ನು ಕೊಚ್ಚಿಕೊಂಡು ಹೋಯಿತು. ತಾಬೋರ್ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದ ಬೆಟ್ಟ; ಅದರ ಕೆಳಗಿನ ಇಜ್ರೇಲ್ ಬಯಲು ಜಿಗುಟಾದ ಕಪ್ಪು ಮಣ್ಣಿನದು. ಧಾರವಾಡ, ಗದಗ ಕಡೆಯ ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ಚಕ್ಕಡಿ ಹೂಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಒಣ ನೆಲದಲ್ಲಿ ಸೀಸೆರನ ಬಲವಾಗಿದ್ದ ಕಬ್ಬಿಣ ಕೆಸರಿನಲ್ಲಿ ಹೊರೆಯಾಯಿತು. ಧೈರ್ಯ ಬೇಡ ಎಂದಲ್ಲ, ಬೆಟ್ಟದಿಂದ ಇಳಿಯಲು ಅದು ಬೇಕೇ ಬೇಕು. ಆದರೆ ದೆಬೋರಳ ಹಾಡು ಗೆಲುವಿನ ಯಶಸ್ಸನ್ನು ತನಗಾಗಲಿ ಬಾರಾಕನಿಗಾಗಲಿ ಬರೆದುಕೊಳ್ಳದೆ ಯೆಹೋವನಿಂದ ಶುರುಮಾಡುತ್ತದೆ.

“ಇದು ನೆಮ್ಮದಿಯಾಗಿ ಹಾಡಬಹುದಾದ ವಿಜಯಗೀತೆ”

ಸಂಡೇ ಸ್ಕೂಲಿನಲ್ಲಿ ಯಾಯೇಲಳ ಕಥೆಯನ್ನು ಲಗುಬಗೆಯಲ್ಲಿ ಮುಗಿಸುತ್ತೇವೆ. ಸೀಸೆರ ನೀರು ಕೇಳುತ್ತಾನೆ, ಆಕೆ ಹಾಲು ಕೊಡುತ್ತಾಳೆ. ಕಂಬಳಿ ಹೊದಿಸುತ್ತಾಳೆ. ಯಾರಾದರೂ ಬಂದು ಕೇಳಿದರೆ ಇಲ್ಲಿ ಯಾರೂ ಇಲ್ಲ ಎನ್ನು ಎಂದು ಹೇಳಿ ಅವನು ನಿದ್ದೆ ಹೋಗುತ್ತಾನೆ. ಆಕೆ ಗುಡಾರದ ಗೂಟವನ್ನೂ ಸುತ್ತಿಗೆಯನ್ನೂ ಹಿಡಿದು ಸದ್ದಾಗದಂತೆ ಹೋಗಿ, ನೆಲಕ್ಕೆ ನಾಟುವಂತೆ ಅವನ ಕಣತಲೆಗೆ ಗೂಟ ಹೊಡೆಯುತ್ತಾಳೆ. ಗುಡಾರ ಹಾಕುವುದು ಅಲೆಮಾರಿ ಬುಡಕಟ್ಟುಗಳಲ್ಲಿ ಹೆಂಗಸರ ಕೆಲಸ. ಅದು ಆಕೆಯ ಕೈಗೆ ಪಳಗಿದ ಸಾಮಾನು.

ನಮ್ಮವರಿಗೆ ಇಲ್ಲಿ ಒನಕೆ ಓಬವ್ವ ನೆನಪಾಗುತ್ತಾಳೆ. ಮನೆಯ ಸಾಮಾನೇ ಆಯುಧವಾದ ಮಟ್ಟಿಗೆ ಸರಿ. ಆದರೆ ಓಬವ್ವ ಕೊಂದದ್ದು ಕೋಟೆಗೆ ನುಗ್ಗುತ್ತಿದ್ದವರನ್ನು. ಸೀಸೆರ ಓಡಿಬಂದು ಆಶ್ರಯ ಪಡೆದವನು. ಯಾಯೇಲಳ ಗಂಡ ಹೆಬೆರನ ಮನೆತನಕ್ಕೂ ಯಾಬೀನನಿಗೂ ಸಮಾಧಾನವಿತ್ತು. ಹಾಡು ಯಾಯೇಲಳನ್ನು ಹರಸುತ್ತದೆ, ಅದನ್ನು ತಿದ್ದಿ ಓದುವ ಹಕ್ಕು ನಮಗಿಲ್ಲ. ಹಾಗೆಯೇ ಕಥೆಗಾರ ಈ ಸಮಾಧಾನದ ಸಂಗತಿಯನ್ನು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಿಲ್ಲ.

ಹಾಡು ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಗೆ ಸೀಸೆರನ ತಾಯಿಯ ಮನೆಗೆ ಹೋಗುತ್ತದೆ. ಆಕೆ ಕಿಟಕಿಯಲ್ಲಿ ನಿಂತು ಮಗನ ರಥ ಏಕೆ ಬರಲಿಲ್ಲ ಎಂದು ಹಂಬಲಿಸುತ್ತಾಳೆ. ಜಾಣೆಯರಾದ ಗೆಳತಿಯರು ಸಮಾಧಾನ ಹೇಳುತ್ತಾರೆ: ಕೊಳ್ಳೆ ಹಂಚಿಕೊಳ್ಳುತ್ತಿರಬೇಕು, ಬಣ್ಣದ ಬಟ್ಟೆ, ಒಬ್ಬೊಬ್ಬ ಸೈನಿಕನಿಗೆ ಒಂದೆರಡು ಹುಡುಗಿಯರು. ತಾಯಿಯೂ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಾಳೆ. ಸೀಸೆರ ಗೆದ್ದಿದ್ದರೆ ಇಸ್ರಾಯೇಲಿನ ಹೆಣ್ಣುಮಕ್ಕಳ ಗತಿ ಏನಾಗುತ್ತಿತ್ತು ಎಂಬುದನ್ನು ದೆಬೋರಳು ಆ ಹೆಂಗಸರ ಬಾಯಿಂದಲೇ ಹೇಳಿಸಿದ್ದಾಳೆ. ಅದೇ ಸಾಲುಗಳಲ್ಲಿ ಶತ್ರುವಿನ ತಾಯಿಯ ಕಳವಳವೂ ಉಳಿದುಹೋಗಿದೆ. ಅದು ವ್ಯಂಗ್ಯವೋ ಮರುಕವೋ ಎಂದು ವ್ಯಾಖ್ಯಾನಕಾರರು ವಾದಿಸುತ್ತಾರೆ. ನನಗೆ ಎರಡೂ ಕೇಳಿಸುತ್ತವೆ. ನ್ಯಾಯ ಸಿಕ್ಕಿತೆಂದು ಸ್ತೋತ್ರ ಸಲ್ಲಿಸುವಾಗ ಎದುರು ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂಬುದನ್ನು ಮರೆಯದ ಪ್ರಾರ್ಥನೆ ನಮ್ಮ ಕೂಟಗಳಲ್ಲಿ ಅಪರೂಪ.

“ಆಕೆ ಇಡೀ ಇಸ್ರಾಯೇಲನ್ನು ಒಗ್ಗೂಡಿಸಿದಳು”

ಹಾಡಿನ ನಡುವೆ ಒಂದು ಹಾಜರಿ ಪಟ್ಟಿಯೇ ಇದೆ. ಬಂದವರು ಎಫ್ರಾಯೀಮ್, ಬೆನ್ಯಾಮೀನ್, ಮಾಕೀರ್, ಜೆಬುಲೂನ್, ಇಸ್ಸಾಕಾರ್, ನಫ್ತಾಲಿ. ಜೆಬುಲೂನಿನವರೂ ನಫ್ತಾಲಿಯವರೂ ಪ್ರಾಣದ ಹಂಗು ತೊರೆದರು. ಗಿಲ್ಯಾದ್ ಯೊರ್ದನಿನಾಚೆ ಉಳಿಯಿತು, ದಾನ್ ಹಡಗುಗಳ ಬಳಿ ಉಳಿದ, ಆಶೇರ್ ಕಡಲ ದಂಡೆ ಬಿಟ್ಟು ಕದಲಲಿಲ್ಲ. ರೂಬೇನ್ಯರದ್ದು ಎಲ್ಲಕ್ಕಿಂತ ಚೆಂದ: ದೊಡ್ಡ ದೊಡ್ಡ ಆಲೋಚನೆ ನಡೆಸಿದರು, ಕುರಿಹಟ್ಟಿಯಲ್ಲೇ ಕೂತರು. ಕಮಿಟಿ ಮೀಟಿಂಗುಗಳನ್ನು ಕಂಡವರಿಗೆ ರೂಬೇನ್ಯರ ಪರಿಚಯ ಇದ್ದೇ ಇರುತ್ತದೆ. ಯೆಹೂದ ಮತ್ತು ಸಿಮೆಯೋನ್ ಕುಲಗಳ ಹೆಸರೇ ಇಲ್ಲ.

ಅಂದರೆ ದೇವರಿಂದ ಕರೆ ಬಂದ ನಾಯಕಿಗೂ ಎಲ್ಲರೂ ಓಗೊಡಲಿಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ದೇವರ ಚಿತ್ತ ಎಂದು ಕಾಯುತ್ತಾ ಕೂರುವ ವಿಶ್ವಾಸಿಗಳು ಈ ಪಟ್ಟಿಯನ್ನು ಗಮನವಿಟ್ಟು ಓದಬೇಕು. ಆಕೆ ಬಂದವರೊಡನೆ ಹೊರಟಳು.

ಬರದವರನ್ನು ಏನು ಮಾಡಿದಳು? ಹೆಸರು ಹಿಡಿದು ಹಾಡಿದಳು, ಚುಚ್ಚಿದಳು. ಮೇರೋಜ್ ಎಂಬ ಊರಿನ ಮೇಲೆ ಯೆಹೋವನ ದೂತನ ಶಾಪವೂ ಹಾಡಿನಲ್ಲಿದೆ. ಆಕೆ ಮೆತ್ತಗಿನ ಹೆಂಗಸೇನಲ್ಲ. ಆದರೆ ಮಾತಿನಿಂದಾಚೆಗೆ ಹೋಗಲಿಲ್ಲ. ಅದೇ ಪುಸ್ತಕದಲ್ಲಿ ಗಿದ್ಯೋನನ ಸೈನಿಕರಿಗೆ ಸುಕ್ಕೋತಿನವರು ರೊಟ್ಟಿ ಕೊಡಲಿಲ್ಲ. ಗೆದ್ದು ಬಂದ ಮೇಲೆ ಅವನು ಒಬ್ಬ ಹುಡುಗನನ್ನು ಹಿಡಿದು ಆ ಊರಿನ 77 ಮುಖಂಡರ ಹೆಸರು ಬರೆಸಿಕೊಂಡು, ಅವರನ್ನು ಮುಳ್ಳುಗಳಿಂದ ದಂಡಿಸಿದ. ಪೆನೂವೇಲಿನ ಗೋಪುರ ಕೆಡವಿ ಊರಿನ ಗಂಡಸರನ್ನು ಕೊಂದ. ಯೆಪ್ತಾಹನ ಕಾಲದಲ್ಲಿ ಯುದ್ಧಕ್ಕೆ ಕರೆದೆ, ಕರೆಯಲಿಲ್ಲ ಎಂಬ ಜಗಳದಲ್ಲಿ 42,000 ಎಫ್ರಾಯೀಮ್ಯರು ತಮ್ಮವರ ಕೈಯಲ್ಲೇ ಸತ್ತರು. ರೂಬೇನ್ಯರ ಒಂದು ಕುರಿಹಟ್ಟಿಗೂ ದೆಬೋರಳಿಂದ ಹಾನಿಯಾದ ದಾಖಲೆಯಿಲ್ಲ.